ತೊಲೆಯ ತುದಿ

ಕೊಪ್ಪಳದಿಂದ ಗಂಗಾವತಿಗೆ ಹೋಗುವ ಹೆದ್ದಾರಿಯಲ್ಲಿ, ಹೇಮಗುಡ್ಡದ ಬಂಡೆಗಳು ಕಣ್ಣಿಗೆ ಬೀಳುವ ಎಡೆಯಿಂದ ಅನತಿದೂರದಲ್ಲಿ, ನನ್ನ ಸೋದರಮಾವನವರ ಮನೆಯುಳ್ಳ ಊರಿದೆ. ಮನೆ ಒಂಬತ್ತು ಅಂಕಣದ್ದು. ಅಂಕಣವೆಂದರೆ ನಾಲ್ಕು ಕಂಬಗಳ ನಡುವಣ ಎಡೆ. ಚದರಡಿಯ ಲೆಕ್ಕ ನಮ್ಮ ಕಡೆಗೆ ಬರುವುದಕ್ಕೆ ಮೊದಲು ಮನೆಗಳನ್ನು ಅಂಕಣಗಳಿಂದಲೇ ಎಣಿಸುತ್ತಿದ್ದರು. ಮುಂದೆ ಕಟ್ಟೆ, ಒಳಗೆ ಕಾಲಿಟ್ಟೊಡನೆ ಒಂದು ಮಗ್ಗುಲಿಗೆ ಎತ್ತುಗಳ ಗೋದಲಿ, ಇನ್ನೊಂದು ಮಗ್ಗುಲಿಗೆ ಮೊಣಕಾಲೆತ್ತರದ ಪಡಸಾಲೆ, ಅದರ ಹಿಂದೆ ಅಡುಗೆಮನೆ ಮತ್ತು ಕಾಳುಕಡಿಯ ಕೋಣೆ. ಗೋಡೆಗಳು ಕಲ್ಲುಮಣ್ಣಿನವು, ಎರಡೂವರೆ ಅಡಿ ದಪ್ಪ. ಮುಂದಿನ ಆರು ಅಂಕಣಗಳ ಮೇಲೆ ಮರದ ತೊಲೆ ಜಂತಿಗಳೂ ಅವುಗಳ ಮೇಲೆ ಮಣ್ಣಿನ ಮೇಲ್ಮುದ್ದೆಯೂ ಇದ್ದರೆ, ಹಿಂದಿನ ಮೂರು ಅಂಕಣಗಳಿಗೆ ಗುಡ್ಡದಿಂದ ತಂದ ಬಂಡೆಗಲ್ಲಿನ ಚಪ್ಪಡಿಗಳನ್ನು ಹಾಸಲಾಗಿತ್ತು. ಈ ಮಾಳಿಗೆ ಸೋರತೊಡಗಿ ಕೆಲವು ವರ್ಷಗಳಾಗಿದ್ದುವು. ಹಿಂಗಾರಿನ ಮಳೆ ಹಿಡಿದಾಗಲೆಲ್ಲ ಅತ್ತೆ ಪಡಸಾಲೆಯಲ್ಲಿ ಕೊಡ, ಪಾತ್ರೆ, ಪರಾತಗಳನ್ನು ಹನಿ ಬೀಳುವ ಜಾಗಗಳಿಗೆ ಸರಿಯಾಗಿ ಜೋಡಿಸಿಡುತ್ತಿದ್ದರು. ಮಾವನವರು ಬೇಸಗೆ ಬಂದೊಡನೆ ಮಾಳಿಗೆಯ ಮೇಲೆ ಮತ್ತೊಂದು ಪದರ ಮಣ್ಣು ಹಾಕಿಸುತ್ತಿದ್ದರು. ಮುಂದಿನ ಮಳೆಗೆ ಸೋರುವ ಜಾಗ ಒಂದು ಮೊಳ ಆಚೆಗೋ ಈಚೆಗೋ ಸರಿದಿರುತ್ತಿತ್ತು.

ಕಡೆಗೆ ಮನೆಯ ಹಿರಿಯ ಮಗ, ಈ ಮಾಳಿಗೆಯನ್ನು ಪೂರ್ತಿಯಾಗಿ ಕೆಡವಿ ಆರ್.ಸಿ.ಸಿ. ಹಾಕಿಸುವುದೆಂದು ನಿಶ್ಚಯಿಸಿದನು. ಅದು ತಪ್ಪು ನಿಶ್ಚಯವೆಂದು ಆಗ ಯಾರಿಗೂ ತೋರಲಿಲ್ಲ, ನನಗೂ ತೋರಲಿಲ್ಲ. ಆದರೆ ಕೆಡವುವ ಮೊದಲು ಒಮ್ಮೆ ನೋಡಿ ಹೋಗಲೆಂದು ಕರೆಸಿದ ವೃದ್ಧ ಮೇಸ್ತ್ರಿಯೊಬ್ಬರು, ಮಾಳಿಗೆಯ ಮೇಲಕ್ಕೆ ಹತ್ತದೆ, ಪಡಸಾಲೆಯ ಮೂಲೆಯಲ್ಲಿ ಏಣಿಯಿಟ್ಟು, ತೊಲೆಯು ಗೋಡೆಯೊಳಕ್ಕೆ ಹೊಗುವ ಜಾಗವನ್ನು ಸಲಾಕೆಯಿಂದ ಚುಚ್ಚಿದರು. ಸಲಾಕೆ ನಾಲ್ಕು ಬೆರಳಿನಷ್ಟು ಒಳಹೊಕ್ಕಿತು. ಕೆಳಗೆ ಕೆಂಪು ಹುಡಿ ಉದುರಿತು.

“ಯಜಮಾನ್ರ, ಮಣ್ಣಿಂದೇನೂ ತಪ್ಪಿಲ್ರಿ,” ಎಂದರು ಅವರು. “ತೊಲಿ ತುದಿ ನೋಡ್ರಿ, ರೋಗೆಲ್ಲಾ ಇಲ್ಲೇ ಐತಿ. ನೀವು ಮ್ಯಾಲ ಮಣ್ಣ ಹಾಕ್ಕೊಂತ ಹೋದ್ರಿ, ಇದು ಕೆಳಗ ಇಳಕೊಂತ ಹೋತು.”

“ಹಂಗಾದ್ರ ಏನ್ ಮಾಡೂಣಂತಿ, ಮೇಸ್ತ್ರಿ?” ಎಂದರು ಮಾವ.

“ಮುರಿಯೂದು ಬ್ಯಾಡ್ರಿ. ಬಿಚ್ಚೂಣು.”

ಮುರಿಯುವುದಕ್ಕೂ ಬಿಚ್ಚುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಆ ಬೇಸಗೆಯಲ್ಲಿ ಕಲಿತೆ. ಹಳೆಯ ಮನೆಯ ಹೊದಿಕೆಯನ್ನು ಬದಲಿಸಬೇಕೆಂದಿರುವ ಗೃಹಸ್ಥರು ನಮ್ಮ ಸೀಮೆಯಲ್ಲಿ ಇನ್ನೂ ಸಾವಿರಾರು ಮಂದಿ ಇರುವುದರಿಂದ, ಕಲಿತುದನ್ನು ಇಲ್ಲಿ ವಿವರವಾಗಿ ಹೇಳುವುದು ನನ್ನ ಉದ್ದೇಶ.

ಮೇಲ್ಮುದ್ದೆಯೆಂಬುದು ಹೊರನೋಟಕ್ಕೆ ಮಣ್ಣಿನ ರಾಶಿಯಂತೆ ಕಂಡರೂ ಪದರಪದರವಾಗಿ ಯೋಚಿಸಿ ಕಟ್ಟಿದ ವಸ್ತು. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಒಂದೊಂದು ಮೊಳದ ಅಂತರಕ್ಕೆ ಜಂತಿ, ಜಂತಿಗಳ ಮೇಲೆ ಒತ್ತೊತ್ತಾಗಿ ಹೊಂದಿಸಿದ ಕಟ್ಟಿಗೆಯ ಸೀಳುಗಳು, ಅದರ ಮೇಲೆ ಬೇವಿನ ಸೊಪ್ಪು ಅಥವಾ ಹುಲ್ಲು, ಆಮೇಲೆ ಕಲಸಿ ತುಳಿದ ಕೆಂಪು ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಹೊದಿಕೆ. ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ಕುರಿತು ಹಾಡಿದ ತತ್ತ್ವಪದವನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಹೆಂಚಿನ ಮನೆಗಳ ನಾಡಿನಲ್ಲಿ ಅದನ್ನು ಕೇಳಿದವರು ಅದು ಬರಿಯ ರೂಪಕವೆಂದು ಭಾವಿಸುವುದುಂಟು. 1819ರಿಂದ 1889ರವರೆಗೆ ಬಾಳಿದ ಆ ಮಹನೀಯರು ಇಂಥದೇ ಮೇಲ್ಮುದ್ದೆಯ ಸೀಮೆಯವರು. ಮಾಳಿಗೆಯ ಒಂದೊಂದು ಅಂಗವನ್ನೂ ಅದರದರ ವ್ಯಾಧಿಯನ್ನೂ ಅವರು ಹೆಸರಿಟ್ಟು ಕರೆದಿರುವ ಬಗೆಯನ್ನು ಗಮನಿಸಿದರೆ, ಅವರ ಅಧ್ಯಾತ್ಮಕ್ಕೆ ಒಳ್ಳೆಯ ಬಡಿಗನೊಬ್ಬನ ಕಣ್ಣೂ ಜೊತೆಗೂಡಿತ್ತೆಂದು ತಿಳಿಯುತ್ತದೆ.

ಸವಳು ಮಣ್ಣಿನ ಮಾತು ವಿಶೇಷವಾದುದು. ಹೊಲದಲ್ಲಿ ಸವಳು ಕಾಣಿಸಿಕೊಂಡರೆ ರೈತ ತಲೆಯ ಮೇಲೆ ಕೈಹೊತ್ತು ಕೂಡುತ್ತಾನೆ. ತುಂಗಭದ್ರೆಗೆ ಮುನಿರಾಬಾದಿನಲ್ಲಿ ಕಟ್ಟಿದ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಯ ನೀರು ಹರಿಯತೊಡಗಿದ ಮೇಲೆ, ಗಂಗಾವತಿಯ ಸುತ್ತಣ ತಗ್ಗಿನ ಭೂಮಿಗಳಲ್ಲಿ ಸವಳು ಜವಳುಗಳು ಹೆಚ್ಚಿದುವು; ಅಂಥ ನೆಲವನ್ನು ಸುಧಾರಿಸುವ ಬಗೆಯನ್ನು ಅರಸುವುದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ಮುಖ್ಯ ಕಾರ್ಯಗಳಲ್ಲಿ ಒಂದಾಗಿದೆ. ಆದರೆ ಹೊಲಕ್ಕೆ ಶಾಪವಾದ ಈ ಮಣ್ಣೇ ಮಾಳಿಗೆಗೆ ವರ. ಅದರಲ್ಲಿ ಸೋಡಿಯಂ ಲವಣ ಅಧಿಕ. ನೀರು ತಗುಲಿದಾಗ ಸೋಡಿಯಂ ಜೇಡಿಯ ಸೂಕ್ಷ್ಮ ಕಣಗಳನ್ನು ಪರಸ್ಪರ ಬಿಡಿಸಿಬಿಡುತ್ತದೆ. ಬಿಡಿಬಿಡಿಯಾದ ಆ ಕಣಗಳು ಮಣ್ಣಿನ ಸಣ್ಣ ಸಣ್ಣ ರಂಧ್ರಗಳೊಳಕ್ಕೆ ಸೇರಿ ಅವುಗಳನ್ನು ಮುಚ್ಚುತ್ತವೆ. ಮೊದಲ ಮಳೆಯಲ್ಲಿ ಮೇಲಿನ ಒಂದಂಗುಲ ನೆನೆದೊಡನೆ ಕೆಳಗಿನದಕ್ಕೆ ನೀರಿಳಿಯುವ ದಾರಿಯೇ ಕಟ್ಟಿಹೋಗುತ್ತದೆ. ಹೊಲದಲ್ಲಿ ಬೆಳೆಯ ಬೇರುಗಳನ್ನು ಉಸಿರುಗಟ್ಟಿಸುವ ಗುಣ ಯಾವುದೋ ಅದೇ ಗುಣ ಮನೆಯವರನ್ನು ಒದ್ದೆಯಾಗದಂತೆ ಕಾಯುತ್ತದೆ. ಉಪ್ಪಿನ ಅಂಶವಿರುವುದರಿಂದ ಅದರಲ್ಲಿ ಹುಲ್ಲು ಸುಲಭವಾಗಿ ಬೇರೂರದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವ ಈ ನಾಡಿಗೆ, ಹಗಲಿನ ಬೇಗೆಯನ್ನು ತನ್ನಲ್ಲಿಯೇ ತಡೆಹಿಡಿದು ಒಳಗಿನ ಪಡಸಾಲೆಯನ್ನು ತಂಪಾಗಿಡುವ ಒಂದಡಿ ದಪ್ಪದ ಮಣ್ಣಿಗಿಂತ ಯೋಗ್ಯವಾದ ಹೊದಿಕೆಯನ್ನು ಹಿಂದಿನವರು ಕಂಡುಹಿಡಿಯುವಂತಿರಲಿಲ್ಲ. ಆ ಮಾಳಿಗೆಯ ಮೇಲೆಯೇ ಮೆಣಸಿನಕಾಯಿ ಒಣಗುತ್ತಿತ್ತು, ಶಂಡಿಗೆ ಹಪ್ಪಳಗಳು ಒಣಗುತ್ತಿದ್ದುವು, ಬೇಸಗೆಯ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಅಲ್ಲಿಯೇ ಮಲಗುತ್ತಿದ್ದರು.

ಹಾಗಾದರೆ ಅದು ಕೆಡುವುದೇತಕ್ಕೆ? ಮೊದಲನೆಯ ಕಾರಣ ಭಾರ. ನೂರು ಚದರಡಿಯ ಮಾಳಿಗೆಯ ಮೇಲೆ ಒಂದಂಗುಲ ದಪ್ಪ ಮಣ್ಣು ಹಾಕಿದರೆ ಅದರ ತೂಕ ಸುಮಾರು 4 ಕ್ವಿಂಟಲು. ಹಳೆಯ ಸವಳನ್ನು ಕೆರೆದು ತೆಗೆದು ಹೊಸದನ್ನು ಹಾಕುವುದು ಪೂರ್ವಕಾಲದ ಕ್ರಮ. ಆಳುಗಳ ಕೂಲಿಯನ್ನು ಉಳಿಸುವ ಸಲುವಾಗಿ ಕೆರೆಯುವುದನ್ನು ಬಿಟ್ಟು ಹಾಕುವುದನ್ನು ಮಾತ್ರ ಉಳಿಸಿಕೊಂಡವರ ಮಾಳಿಗೆಗಳು ವರ್ಷಗಳು ಉರುಳಿದಂತೆ ಒಂದೂವರೆ ಅಡಿ, ಎರಡಡಿ ದಪ್ಪಕ್ಕೆ ಬೆಳೆದುವು. ಮಾವನವರ ಮಾಳಿಗೆಯನ್ನು ಅಗೆದಾಗ ಬದಿಯಲ್ಲಿ ಕಂಡ ಪದರಗಳು, ಮರದ ಕಾಂಡದಲ್ಲಿ ಕಾಣುವ ವರ್ಷದ ಉಂಗುರಗಳಂತೆ, ಒಂದರ ಮೇಲೊಂದು ಎಣಿಸಬರುವಂತಿದ್ದುವು. ಅತ್ಯಂತ ಕೆಳಗಿನ, ಅಜ್ಜನ ಕಾಲದ ಪದರವೇ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಅಂಥ ಮಾಳಿಗೆಯ ಮೇಲೆ ಬಿಡದೆ ಮೂರು ನಾಲ್ಕು ದಿನ ಮಳೆ ಸುರಿದರೆ ಮಣ್ಣು ನೀರು ಕುಡಿದು ಇನ್ನೂ ಭಾರವಾಗುತ್ತದೆ. ಅದೇ ಹೊತ್ತಿಗೆ ಗೋಡೆಯ ಬುಡ ನೆನೆದು ಮೆತ್ತಗಾಗಿರುತ್ತದೆ. 2009ರ ಸೆಪ್ಟೆಂಬರಿನ ಕೊನೆಗೂ ಅಕ್ಟೋಬರಿನ ಮೊದಲಿಗೂ ಉತ್ತರ ಕರ್ನಾಟಕದ ಮೇಲೆ ಎರಗಿದ ಮಳೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ನೀಗಿದರು. ಅವರಲ್ಲಿ ಬಹುಮಂದಿ ಹೊಳೆಯಲ್ಲಿ ಕೊಚ್ಚಿಹೋದವರಲ್ಲ, ತಮ್ಮ ಮನೆಯ ಗೋಡೆ ಮಾಳಿಗೆಗಳ ಕೆಳಗೆ ಸಿಕ್ಕಿದವರು. ಆ ವಾರದ ರಾತ್ರಿಗಳನ್ನು ನಮ್ಮ ಕಡೆಯವರು ಮರೆಯಲಾರರು. ಮಣ್ಣಿನ ಮನೆಯೆಂದರೆ ಜನ ಬೆದರುವುದು ಅಂದಿನಿಂದ ಹೆಚ್ಚಾಯಿತು. ಆ ಬೆದರಿಕೆಯನ್ನು ನಾನು ಹಳಿಯಲಾರೆ.

ಎರಡನೆಯ ಕಾರಣವೇ ಮೇಸ್ತ್ರಿ ತೋರಿಸಿದ ತೊಲೆಯ ತುದಿ. ತೊಲೆಯ ನಡುಭಾಗ ಗಾಳಿಗೆ ತೆರೆದಿರುವುದರಿಂದ ಒದ್ದೆಯಾದರೂ ಒಣಗುತ್ತದೆ. ಗೋಡೆಯೊಳಗೆ ಹುಗಿದ ತುದಿಗೆ ಗಾಳಿಯಿಲ್ಲ. ಮಾಳಿಗೆಯ ಅಂಚಿನ ಕುಂಬಿಯ ಬಿರುಕಿನಿಂದ ಇಳಿದ ನೀರು ಅಲ್ಲಿ ನಿಲ್ಲುತ್ತದೆ. ಗೋಡೆಯ ಮಣ್ಣಿನೊಳಗಿಂದಲೇ ಗೆದ್ದಲು ಕತ್ತಲೆಯಲ್ಲಿ ಏರಿ ಬರುತ್ತದೆ. ಹೊರಗೆ ಕಂಬದಂತೆ ಕಾಣುವ ಬೇವಿನ ತೊಲೆ ಗೋಡೆಯೊಳಗಿನ ಒಂದು ಗೇಣಿನಲ್ಲಿ ಟೊಳ್ಳಾಗಿರುತ್ತದೆ. ತುದಿ ಕುಸಿದಾಗ ತೊಲೆ ಅರ್ಧ ಅಂಗುಲ ಇಳಿಯುತ್ತದೆ, ಅದರೊಡನೆ ಜಂತಿಗಳು ಇಳಿಯುತ್ತವೆ, ಮೇಲಿನ ಮಣ್ಣು ಬಿರಿಯುತ್ತದೆ, ಸೋರುತ್ತದೆ. ಮನೆಯವರು ಬಿರುಕಿಗೆ ಮಣ್ಣು ಹಾಕುತ್ತಾರೆ. ಭಾರ ಹೆಚ್ಚಿ ತುದಿ ಇನ್ನಷ್ಟು ಕುಸಿಯುತ್ತದೆ.

ಬೇರೆ ಸೀಮೆಗಳ ಕಲ್ಲಿನ ಮಾಡುಗಳ ಚರಿತ್ರೆಯಲ್ಲಿಯೂ ಇದೇ ಮಾತು ಬೇರೊಂದು ವೇಷದಲ್ಲಿ ಬರುತ್ತದೆ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ, ನಮ್ಮ ದೇಶದಲ್ಲಿಯೇ ಹಿಮಾಚಲದ ಕಾಂಗಡಾ ಕಣಿವೆಯಲ್ಲಿ, ಇಳಿಜಾರು ಮಾಡಿಗೆ ಸ್ಲೇಟುಕಲ್ಲಿನ ತೆಳುಹಾಳೆಗಳನ್ನು ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಒರಗಿಸಿ ಮೊಳೆ ಹೊಡೆದು ಕೂಡಿಸುತ್ತಾರೆ. ನಾವು ಬಾಲ್ಯದಲ್ಲಿ ಅಕ್ಷರ ತಿದ್ದಿದ ಪಾಟಿಯ ಕಲ್ಲೇ ಅದು. ಒಳ್ಳೆಯ ಸ್ಲೇಟು ನೂರು ವರ್ಷಕ್ಕೂ ಮೀರಿ ಬಾಳುತ್ತದೆ. ಆದರೆ ಅದನ್ನು ಹಿಡಿದ ಕಬ್ಬಿಣದ ಮೊಳೆ ಅಷ್ಟು ಕಾಲ ಬಾಳದೆ ತುಕ್ಕು ತಿಂದು ಕಳಚಿ, ಕಲ್ಲು ಒಂದೊಂದಾಗಿ ಜಾರಿ ಬೀಳುತ್ತದೆ. ಮಾಡು ಕೆಟ್ಟಿತೆಂದು ಮನೆಯವರು ಕಲ್ಲನ್ನು ಎಸೆದು ಬೇರೆಯದನ್ನು ಹೊದಿಸುವುದುಂಟು. ಬಲ್ಲ ಕೆಲಸಗಾರನಾದರೋ ಒಂದೊಂದು ಕಲ್ಲನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕಂಚಿನಂತೆ ನಾದ ಕೊಟ್ಟುದನ್ನು ಇಟ್ಟುಕೊಂಡು, ಮಂಕಾಗಿ ನುಡಿದುದನ್ನು ಬಿಟ್ಟು, ತಾಮ್ರದ ಮೊಳೆಯಿಂದ ಅದೇ ಕಲ್ಲುಗಳನ್ನು ಮತ್ತೆ ಕೂಡಿಸುತ್ತಾನೆ. ಸ್ಲೇಟು ಮೂಲದಲ್ಲಿ ಕೆಸರು. ಕೋಟ್ಯಂತರ ವರ್ಷ ಭೂಮಿಯ ಒತ್ತಡಕ್ಕೆ ಸಿಕ್ಕಿ ಕಲ್ಲಾದ, ಹಾಳೆಹಾಳೆಯಾಗಿ ಸೀಳುವ ಗುಣವನ್ನು ಪಡೆದ ಕೆಸರು. ಅವರು ಹೊದ್ದುದೂ ಮಣ್ಣೇ, ನಾವು ಹೊದ್ದುದೂ ಮಣ್ಣೇ ಎನ್ನಬಹುದು.

ಹೇಮಗುಡ್ಡದ ಸುತ್ತ ಸ್ಲೇಟು ಸಿಕ್ಕದು. ಇಲ್ಲಿರುವುದು ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಗ್ರಾನೈಟು. ಅದಕ್ಕೆ ಸ್ಲೇಟಿನಂತೆ ಸೀಳುವ ಎಳೆಯಿಲ್ಲ. ಆದರೆ ಮೇಲಿನ ನೆಲ ಸವೆದು ಭಾರ ಕಳೆದುಕೊಂಡ ಬಂಡೆ, ಹಗಲು ಕಾದು ಇರುಳು ತಣಿದು, ಈರುಳ್ಳಿಯ ಸಿಪ್ಪೆಯಂತೆ ಪೊರೆಪೊರೆಯಾಗಿ ತಾನೇ ಏಳುತ್ತದೆ. ಈ ಪೊರೆಗಳನ್ನು ಮನುಷ್ಯ ಮಾಡಾಗಿ ಬಳಸಿದುದರ ಬಹು ಹಳೆಯ ಸಾಕ್ಷ್ಯ ಹಿರೇಬೆಣಕಲ್ಲಿನ ಮೋರೇರ ಗುಡ್ಡದ ಮೇಲಿದೆ. ಕ್ರಿಸ್ತಪೂರ್ವ 800ರಿಂದ 200ರ ನಡುವಣ ಕಾಲದವೆಂದು ತಜ್ಞರು ಎಣಿಸುವ ಸುಮಾರು 400 ಶಿಲಾಸಮಾಧಿಗಳು ಅಲ್ಲಿವೆ. ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರನು 1835ರಲ್ಲಿಯೇ ಅವುಗಳನ್ನು ಕುರಿತು ಬರೆದನು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಅವು ಸೇರಿದುವು. ಮೂರು ಕಡೆಗೋ ನಾಲ್ಕು ಕಡೆಗೋ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿದ ಆ ಗೂಡುಗಳನ್ನು ನಮ್ಮ ಜನ ಸಮಾಧಿಗಳೆನ್ನದೆ ಮೋರೇರ ಮನೆಗಳೆಂದೇ ಕರೆಯುತ್ತ ಬಂದಿರುವುದು ನನಗೆ ಬಹಳ ಸರಿಯಾಗಿ ಕಾಣುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಕುಳಿತಿದೆ, ಎರಡು ಸಾವಿರ ವರ್ಷದ ಮಳೆ ಬಿಸಿಲುಗಳನ್ನು ಕಂಡ ಮೇಲೂ ಅನೇಕ ಹೊದಿಕೆಗಳು ತಮ್ಮ ಸ್ಥಾನವನ್ನು ಬಿಟ್ಟಿಲ್ಲ. ಬಿದ್ದಿರುವವುಗಳಲ್ಲಿಯೂ ಮೇಲಿನ ಚಪ್ಪಡಿ ಹಲವೆಡೆ ಇಡಿಯಾಗಿಯೇ ಇದೆ, ಜಾರಿದುದು ಅದನ್ನು ಹೊತ್ತ ಕಲ್ಲು.

ಆಮೇಲಿನ ಕಾಲದವರು ಈ ವಿದ್ಯೆಯನ್ನು ಬೆಳೆಸಿದರು. ಐಹೊಳೆಯ ಲಾಡಖಾನ ಗುಡಿಯ ಮೇಲೆ ಹತ್ತಿ ನೋಡಿದವರಿಗೆ, ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಸಂದಿನ ಮೇಲೂ ಮರದ ದಿಮ್ಮಿಯಂತೆ ಉದ್ದನೆಯ ಕಲ್ಲಿನ ಪಟ್ಟಿಯೊಂದನ್ನು ಕೂಡಿಸಿರುವುದು ಕಾಣುತ್ತದೆ. ನೀರು ನುಗ್ಗುವುದು ಚಪ್ಪಡಿಯ ಮೂಲಕವಲ್ಲ, ಸಂದಿನ ಮೂಲಕವೆಂಬುದನ್ನು ಆ ಶಿಲ್ಪಿಗಳು ಅರಿತಿದ್ದರು. ವಿಜಯನಗರದವರು ಹಂಪೆ ಆನೆಗೊಂದಿಗಳಲ್ಲಿ ಸಾಲಾಗಿ ಉಳಿಯ ಗುಳಿಗಳನ್ನು ಕೊರೆದು ಬಂಡೆಯನ್ನು ಗೆರೆ ಹೊಡೆದಂತೆ ಸೀಳಿದರು. ಆ ಗುಳಿಗಳ ಸಾಲುಗಳನ್ನು ಇಂದಿಗೂ ಎಷ್ಟೋ ಬಂಡೆಗಳ ಮೇಲೆ ಕಾಣಬಹುದು. ಮಂಟಪಗಳ ಚಪ್ಪಡಿಗಳ ಮೇಲೆ ಅವರು ಇಟ್ಟಿಗೆ ಸುಣ್ಣಗಳ ಗಾರೆಯನ್ನು ಹೊದಿಸಿದರು. ನಮ್ಮ ಊರುಮನೆಗಳ ಹಿತ್ತಿಲ ಅಂಕಣಗಳ ಚಪ್ಪಡಿ ಮಾಳಿಗೆ ಇದೇ ವಿದ್ಯೆಯ ಬಡ ಸೋದರ.

ಬಂಡೆಗಲ್ಲಿಗೆ ಒಂದು ದೌರ್ಬಲ್ಯವುಂಟು. ಮೇಲಿಂದ ಒತ್ತಿದರೆ ಅದು ಎಷ್ಟನ್ನಾದರೂ ತಾಳುತ್ತದೆ, ಬಗ್ಗಿಸಿದರೆ ತಾಳದು. ಎರಡು ತುದಿಗಳ ಮೇಲೆ ನಿಂತ ಚಪ್ಪಡಿಯ ಕೆಳಮೈ ಹಿಗ್ಗಲೆಳಸುತ್ತದೆ. ಆ ಎಳೆತವೇ ಅದರ ಮೃತ್ಯು. ಆದುದರಿಂದ ಅಂಕಣದ ಅಗಲ ಆರೇಳು ಅಡಿಯನ್ನು ಮೀರುತ್ತಿರಲಿಲ್ಲ. ಆರಡಿ ಉದ್ದ, ಎರಡಡಿ ಅಗಲ, ಮೂರಂಗುಲ ದಪ್ಪದ ಒಂದು ಚಪ್ಪಡಿಯ ತೂಕ ಎರಡೂಕಾಲು ಕ್ವಿಂಟಲಿನಷ್ಟಾಗುತ್ತದೆ. ಮರದ ತೊಲೆ ಮುರಿಯುವ ಮೊದಲು ಬಗ್ಗುತ್ತದೆ, ನರಳುತ್ತದೆ, ಹುಡಿ ಉದುರಿಸುತ್ತದೆ. ಮನೆಯವರಿಗೆ ಹೊರಗೆ ಬರಲು ಹೊತ್ತು ಕೊಡುತ್ತದೆ. ಚಪ್ಪಡಿ ಹಾಗಲ್ಲ, ಒಂದು ಸದ್ದು ಮಾಡಿ ಎರಡಾಗುತ್ತದೆ. ಹಳೆಯ ಚಪ್ಪಡಿ ಮಾಳಿಗೆಯ ಕೆಳಗೆ ವಾಸಿಸುವವರು ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಕಲ್ಲಿನ ಕೆಳಮೈಯನ್ನು ದೀಪ ಹಿಡಿದು ನೋಡಬೇಕು. ಅಡ್ಡಲಾಗಿ ಕೂದಲೆಳೆಯಷ್ಟು ಗೆರೆ ಕಂಡರೂ ಅದರ ಕೆಳಗೆ ಅಂದೇ ಆಸರೆಗಂಬ ಕೊಡಬೇಕು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ.

ಇನ್ನು ಆರ್.ಸಿ.ಸಿ.ಯ ಪ್ರಶ್ನೆ. ಹಳೆಯ ಗೋಡೆಗೆ ಹೊಸ ತಾರಸಿಯ ಭಾರ ಹೆಚ್ಚಾಗುತ್ತದೆಂದು ಕೆಲವರು ಹೇಳುವುದು ಸರಿಯಲ್ಲ. ಐದಂಗುಲದ ಕಾಂಕ್ರೀಟು ಒಂದಡಿ ಮಣ್ಣಿಗಿಂತ ಹಗುರವೇ. ತೊಂದರೆಯಿರುವುದು ಅದರ ಸ್ವಭಾವದಲ್ಲಿ. ಮಣ್ಣಿನ ಗೋಡೆ ಋತುವಿಗೆ ತಕ್ಕಂತೆ ಕೊಂಚ ಉಬ್ಬುತ್ತದೆ, ಕುಗ್ಗುತ್ತದೆ. ಕರಿನೆಲದ ಮೇಲೆ ನಿಂತ ಯಲಬುರ್ಗಾ ಕುಷ್ಟಗಿಗಳ ಎರೆಸೀಮೆಯ ಮನೆಗಳಂತೂ ಬುಡದಿಂದಲೇ ಅಲುಗುತ್ತವೆ. ಜಂತಿ ಮತ್ತು ಮಣ್ಣು ಆ ಚಲನೆಗೆ ಹೊಂದಿಕೊಳ್ಳುತ್ತವೆ; ಕಾಂಕ್ರೀಟಿನ ಹಲಗೆ ಹೊಂದಿಕೊಳ್ಳದು. ಅದು ಬಿಸಿಲಿಗೆ ತನ್ನಷ್ಟಕ್ಕೆ ತಾನು ಹಿಗ್ಗುತ್ತದೆ: 30 ಅಡಿ ಉದ್ದದ ತಾರಸಿ 30 ಡಿಗ್ರಿಯ ವ್ಯತ್ಯಾಸಕ್ಕೆ ಸುಮಾರು 3 ಮಿಲಿಮೀಟರು ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ದಿನದಿನವೂ ಹೀಗೆ ಎಳೆದಾಡಿದರೆ ಮಣ್ಣಿನ ಗೋಡೆಯ ತಲೆ ಸಡಿಲಿ ಮೂಲೆಗಳಲ್ಲಿ ಬಿರುಕು ಬಾಯ್ದೆರೆಯುತ್ತದೆ. ಗೋಡೆಗೆ ಸಿಮೆಂಟಿನ ಗಿಲಾವು ಬಳಿದರಂತೂ ಒಳಗಿನ ತೇವ ಹೊರಬರಲಾರದೆ ಮಣ್ಣು ಒಳಗೊಳಗೇ ಮೆತ್ತಗಾಗುತ್ತದೆ. ಏಪ್ರಿಲ್ ಮೇ ತಿಂಗಳ ರಾತ್ರಿಗಳಲ್ಲಿ ಅಂಥ ತಾರಸಿಯ ಕೆಳಗೆ ಮಲಗಿದವರಿಗೆ ಮಿಕ್ಕ ಮಾತು ಹೇಳಬೇಕಾದುದಿಲ್ಲ. ಗೋಡೆಯೇ ಹೊಟ್ಟೆ ಬಿಟ್ಟು ಹೊರವಾಲಿದ್ದರೆ, ಬುಡ ಕರಗಿಹೋಗಿದ್ದರೆ, ಮನೆಯನ್ನು ಹೊಸದಾಗಿ ಕಟ್ಟುವುದೇ ವಿಹಿತ. ಆಗ ಅಡಿಪಾಯದಿಂದಲೇ ಕಾಂಕ್ರೀಟಿಗೆ ತಕ್ಕ ಗೋಡೆ ಬರಲಿ. ಹಳೆಯ ಗೋಡೆಯನ್ನಿಟ್ಟುಕೊಂಡು ಹೊಸ ಹಲಗೆಯನ್ನು ಹೊರಿಸುವ ನಡುದಾರಿ ಮಾತ್ರ ನನಗೆ ಒಪ್ಪಿಗೆಯಲ್ಲ.

ಯುಗಾದಿ ಕಳೆದ ಮೇಲೆ, ರೋಹಿಣಿ ಮಳೆಗೆ ಮುನ್ನ, ಮಾವನವರ ಮನೆಯ ಕೆಲಸ ಮುಗಿಯಬೇಕೆಂದು ಮೇಸ್ತ್ರಿ ಮೊದಲೇ ಕಟ್ಟು ಮಾಡಿದರು. ಮೊದಲ ಎರಡು ದಿನ ಮಾಳಿಗೆಗೆ ಕೈಯನ್ನೇ ಹಚ್ಚಲಿಲ್ಲ. ಪ್ರತಿ ತೊಲೆಯ ಕೆಳಗೂ ಎರಡೆರಡು ಆಸರೆಗಂಬ ಕೊಟ್ಟು ಬೆಣೆ ಬಿಗಿದರು. ಆಮೇಲೆ ಮಣ್ಣನ್ನು ಇಳಿಸಿದ ಕ್ರಮವನ್ನು ಗಮನಿಸಬೇಕು. ಒಂದು ಅಂಚಿನಿಂದ ಹಿಡಿದು ಇನ್ನೊಂದು ಅಂಚಿಗೆ ತೆಗೆಯುತ್ತ ಹೋದರೆ ಭಾರ ಒಂದೇ ಮಗ್ಗುಲಿಗುಳಿದು ಗೋಡೆ ತಿರುಚಿಕೊಳ್ಳುತ್ತದೆ. ಆದಕಾರಣ ನಡುವಿನಿಂದ ಆರಂಭಿಸಿ ಎರಡು ಕಡೆಗೂ ಸಮಸಮವಾಗಿ, ಗೇಣು ಗೇಣು ದಪ್ಪದಂತೆ, ಇಡೀ ಮಾಳಿಗೆಯಿಂದ ಇಳಿಸಿದರು. ಮೇಲಿನ ಸವಳನ್ನು ಒಂದು ಗುಡ್ಡೆ, ಕೆಳಗಿನ ಕೆಂಪು ಮಣ್ಣನ್ನು ಒಂದು ಗುಡ್ಡೆ ಮಾಡಿದರು. ಜಂತಿಗಳಿಗೆ ಸುಣ್ಣದಿಂದ ಅಂಕೆ ಬರೆದು ಅಂಗಳದಲ್ಲಿ ಅದೇ ಅನುಕ್ರಮದಲ್ಲಿ ಮಲಗಿಸಿದರು. ಒಟ್ಟಿನಲ್ಲಿ ಕಾಲುಭಾಗದ ಜಂತಿಗಳು ಮಾತ್ರ ಉಪಯೋಗಕ್ಕೆ ಬಾರದಂತಾಗಿದ್ದುವು. ಪೂರ್ತಿ ಮಾಳಿಗೆಯನ್ನೇ ಕೆಡವಲು ಹೊರಟಿದ್ದ ನಮಗೆ ಇದು ದೊಡ್ಡ ಆಶ್ಚರ್ಯ.

ತೊಲೆಗಳ ಕೆಲಸ ಬಡಿಗೇರರದು. ಟೊಳ್ಳಾದ ತುದಿಯನ್ನು ಗಟ್ಟಿಮರ ಸಿಕ್ಕುವವರೆಗೆ ಕೊಯ್ದು, ಹಳೆಯ ಮರಕ್ಕೂ ಹೊಸ ತುಂಡಿಗೂ ಉದ್ದನೆಯ ಓರೆ ಕಚ್ಚು ಹೊಡೆದು, ಒಂದಕ್ಕೊಂದು ಕೂಡಿಸಿ, ಕಬ್ಬಿಣದ ಪಟ್ಟಿ ಮತ್ತು ಬೋಲ್ಟುಗಳಿಂದ ಬಿಗಿದರು. ತೊಲೆ ಕೂಡುವ ಗೋಡೆಯ ಗೂಡಿನಲ್ಲಿ ಮಣ್ಣಿನ ಬದಲಿಗೆ ಒಂದು ಹಾಸುಗಲ್ಲನ್ನಿಟ್ಟು, ಮರದ ತುದಿಗೂ ಗೋಡೆಗೂ ನಡುವೆ ಸುತ್ತಲೂ ಎರಡು ಬೆರಳು ಬಿಡುವು ಬಿಟ್ಟರು. “ಇಷ್ಟ ಗಾಳಿ ಆಡಿದ್ರ ಸಾಕ್ರಿ, ನಿಮ್ಮ ಮೊಮ್ಮಕ್ಕಳ ತನಕಾ ಚಿಂತಿಲ್ಲ,” ಎಂದರು ಮೇಸ್ತ್ರಿ. ಮಿಕ್ಕೆಲ್ಲ ಖರ್ಚಿಗಿಂತ ಆ ಎರಡು ಬೆರಳ ಬಿಡುವೇ ಮುಖ್ಯವೆಂದು ನಾನು ನಂಬಿದ್ದೇನೆ. ಅದಕ್ಕೆ ಖರ್ಚೂ ಇಲ್ಲ.

ಚಪ್ಪಡಿಯ ಅಂಕಣಗಳಲ್ಲಿ ಹದಿನೆಂಟು ಕಲ್ಲುಗಳಿದ್ದುವು. ಇಳಿಸುವುದಕ್ಕೆ ಭೋವಿ ಸಮಾಜದ ಆರು ಮಂದಿ ಬಂದಿದ್ದರು. ದಿಮ್ಮಿಗಳ ಇಳಿಜಾರು, ಹಗ್ಗ, ಹಾರೆ, ಉರುಳುಗೊರಡು ಇವಷ್ಟೇ ಅವರ ಸಲಕರಣೆ, ಉಳಿದುದೆಲ್ಲ ಒಬ್ಬರ ಕೂಗಿಗೆ ಐವರ ತೋಳು ಒಂದಾಗುವ ಅಭ್ಯಾಸ. ಇಳಿಸಿದ ಪ್ರತಿಯೊಂದು ಕಲ್ಲನ್ನೂ ಎರಡು ದಿಂಡುಗಳ ಮೇಲಿಟ್ಟು ಅವರಲ್ಲಿ ಹಿರಿಯರು ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು. ಹದಿನಾರು ಕಲ್ಲುಗಳು ಗಂಟೆಯಂತೆ ನುಡಿದುವು, ಎರಡು ನುಡಿಯಲಿಲ್ಲ. ವೇಲ್ಸಿನ ಕೆಲಸಗಾರ ಸ್ಲೇಟನ್ನು ಪರೀಕ್ಷಿಸುವ ರೀತಿಯೇ ಹೇಮಗುಡ್ಡದ ಬುಡದಲ್ಲಿಯೂ ಚಪ್ಪಡಿಯನ್ನು ಪರೀಕ್ಷಿಸುವ ರೀತಿಯಾಗಿರುವುದನ್ನು ಕಂಡು ನಾನು ಬಹಳ ಸಂತೋಷಪಟ್ಟೆ. ಮೋರೇರ ಗುಡ್ಡದ ಮೇಲೆ, ದೊಡ್ಡ ಬಂಡೆಯೊಂದರ ನೆತ್ತಿಯಲ್ಲಿ ಕುಳಿತಿರುವ, ಹೊಡೆದರೆ ದೂರಕ್ಕೆ ಕೇಳುವ ನಗಾರಿಗಲ್ಲನ್ನು ನೆನೆದರೆ, ಕಲ್ಲಿನ ದನಿಯನ್ನು ಆಲಿಸುವ ಕಿವಿ ಈ ಸೀಮೆಯಲ್ಲಿ ಎಷ್ಟು ಹಳೆಯದೆಂಬುದು ಹೊಳೆಯುತ್ತದೆ.

ಗೋಡೆಯ ತಲೆಯನ್ನು ಒಂದೇ ಮಟ್ಟಕ್ಕೆ ತಂದು, ಸುಣ್ಣದ ಗಾರೆಯ ಹಾಸಿನ ಮೇಲೆ ಕಲ್ಲುಗಳನ್ನು ಮತ್ತೆ ಕೂಡಿಸಿದರು. ಸಂದುಗಳನ್ನು ಮೇಲ್ಮೈಯಲ್ಲಿ ಉಳಿಯಿಂದ ಕೊಂಚ ಅಗಲಿಸಿ, ಇಟ್ಟಿಗೆ ಚೂರು ಬೆರೆಸಿದ ಸುಣ್ಣವನ್ನು ಇಡಿದು ತುಂಬಿದರು. ಅದರ ಮೇಲೆ ಮೂರಂಗುಲ ಇಟ್ಟಿಗೆ ಜಲ್ಲಿಯ ಗಾರೆ. ಹತ್ತಡಿ ಉದ್ದಕ್ಕೆ ಎರಡೂವರೆ ಅಂಗುಲದಷ್ಟು ಇಳಿಜಾರು ಕೊಟ್ಟು, ನೀರು ಗೋಡೆಗೆ ತಗಲದೆ ಹೊರಕ್ಕೆ ಚಿಮ್ಮುವಂತೆ ಕಲ್ಲಿನ ದೋಣಿಗಳನ್ನು ಮುಂಚಾಚಿಸಿದರು. ಗಾರೆಯನ್ನು ಹಾಸಿ ಬಿಟ್ಟರಾಗದು. ಹೆಂಗಸರು ಗಂಡಸರು ಸಾಲಾಗಿ ಕುಳಿತು ಮರದ ಬಡಿಗೆಗಳಿಂದ, ಬೆಲ್ಲ ಅಳಲೆಕಾಯಿಗಳನ್ನು ನೆನೆಸಿದ ನೀರನ್ನು ಚಿಮುಕಿಸುತ್ತ, ಮೂರು ದಿನ ಬಡಿದರು. ಬಡಿಗೆ ಗುರುತು ಮೂಡಿಸದೆ ಹಿಂದಕ್ಕೆ ಪುಟಿಯತೊಡಗಿದಾಗ ಬಡಿತ ಸಾಕಾಯಿತೆಂದು ಅರ್ಥ. ಸುಣ್ಣ ಸಿಮೆಂಟಿನಷ್ಟು ಬೇಗ ಗಟ್ಟಿಯಾಗದು. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ತಿಂಗಳುಗಟ್ಟಲೆ ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ. ಸಣ್ಣ ಬಿರುಕು ಮೂಡಿದರೆ ಮಳೆಯ ನೀರಿನಲ್ಲಿ ಕರಗಿದ ಸುಣ್ಣವೇ ಅಲ್ಲಿ ಮತ್ತೆ ಹರಳುಗಟ್ಟಿ ಅದನ್ನು ಮುಚ್ಚುತ್ತದೆ. ಒಳಗಿನ ತೇವಕ್ಕೂ ಅದು ಹೊರಹೋಗಲು ಎಡೆಗೊಡುತ್ತದೆ.

ಮುಂದಿನ ಆರು ಅಂಕಣಗಳಿಗೆ ಜಂತಿಗಳನ್ನು ಅಂಕೆಯ ಕ್ರಮದಲ್ಲಿಯೇ ಏರಿಸಿ, ಮಣ್ಣನ್ನು ಒಂಬತ್ತಂಗುಲಕ್ಕೆ ಮಿತಿಗೊಳಿಸಿ, ಮೇಲೆ ಎರಡಂಗುಲ ಸವಳು ಹಾಕಿದರು. ಕುಂಬಿಯ ತಲೆಗೆ ಸುಣ್ಣದ ಗಾರೆ ಬಂದಿತು. ಬೆಳಕಿಂಡಿಯ ಸುತ್ತ ಒಂದು ಗೇಣೆತ್ತರದ ಕಟ್ಟು ಬಂದಿತು. ಅಲ್ಲಿಂದ ಮುಂದಕ್ಕೆ, ಹೊಸ ಸವಳು ಹಾಕುವ ವರ್ಷ ಹಳೆಯದನ್ನು ಕೆರೆದು ಇಳಿಸದೆ ಒಂದು ಬುಟ್ಟಿಯನ್ನೂ ಏರಿಸಕೂಡದೆಂದು ಮೇಸ್ತ್ರಿ ಮಾವನವರಿಂದ ಮಾತು ತೆಗೆದುಕೊಂಡರು.

ಇಂಥ ಕೆಲಸ ಬಲ್ಲ ಕೈಗಳು ವಿರಳವಾಗುತ್ತಿವೆ ಎಂಬ ಮಾತನ್ನು ನಾನು ದುಃಖದಿಂದಲೇ ಹೇಳುತ್ತೇನೆ. ಆ ಮೇಸ್ತ್ರಿಯವರ ಮಗ ಟೈಲ್ಸ್ ಕೂಡಿಸುತ್ತಾನೆ. ಗಾರೆ ಬಡಿಯಲು ಬಂದವರಲ್ಲಿ ನಲವತ್ತಕ್ಕಿಂತ ಕಿರಿಯರು ಯಾರೂ ಇರಲಿಲ್ಲ. ಆದರೂ ಆನೆಗೊಂದಿಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂಧಾ ಟ್ರಸ್ಟ್ ಹಳೆಯ ಮನೆಗಳನ್ನು ಉಳಿಸಿ ದುರಸ್ತಿ ಮಾಡಿಸಿ ಅವುಗಳಲ್ಲಿ ಜನ ಮತ್ತೆ ವಾಸಿಸುವಂತೆ ಮಾಡಿರುವುದನ್ನು ನೋಡಿ ಬಂದರೆ ಧೈರ್ಯ ಬರುತ್ತದೆ. ಆನೆಗೊಂದಿಯೂ ಸೇರಿದಂತೆ ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೊಳಪಟ್ಟ ಊರುಗಳವರು ಮಾಳಿಗೆ ಬದಲಿಸುವ ಮುನ್ನ ಪ್ರಾಧಿಕಾರದ ಅನುಮತಿಯನ್ನು ಪಡೆಯಬೇಕೆಂಬುದನ್ನೂ ನೆನಪಿನಲ್ಲಿಡಬೇಕು.

ಕೆಲಸ ಮುಗಿದಾಗ ಅಂಗಳದಲ್ಲಿ ನುಡಿಯದ ಎರಡು ಚಪ್ಪಡಿಗಳೂ ಹತ್ತಾರು ಗಾಡಿ ಮಣ್ಣೂ ಉಳಿದಿದ್ದುವು. ಚಪ್ಪಡಿಗಳಲ್ಲೊಂದು ಬಾವಿಯ ಬಳಿ ಒಗೆಯುವ ಕಲ್ಲಾಯಿತು; ಇನ್ನೊಂದನ್ನು ಬಿರುಕಿದ್ದಲ್ಲಿಯೇ ಒಡೆದು ಗೋದಲಿಯ ಮುಂದೆ ಎರಡು ಮೆಟ್ಟಿಲು ಮಾಡಿದರು. ಕೆಂಪು ಮಣ್ಣು ತಮಗೆ ಬೇಕೆಂದು ನೆರೆಯವರು ಕೇಳಿದರು, ಕೊಟ್ಟೆವು. ಸವಳನ್ನೂ ಅವರು ತಮ್ಮ ಹೊಲದ ತಗ್ಗಿಗೆ ಸುರಿಯಲು ಹೊರಟಿದ್ದರು; ಮಾವ ಓಡಿಹೋಗಿ ಗಾಡಿಯನ್ನು ತಡೆದು, ಅದನ್ನು ಹಿತ್ತಿಲ ಮೂಲೆಗೆ ಹಾಕಿಸಿ, ಮಳೆಗೆ ಕರಗದಂತೆ ಮೇಲೆ ಹಳೆಯ ತಗಡು ಮುಚ್ಚಿಸಿದರು. ಮಾಳಿಗೆಗೆ ಅದು ಮತ್ತೆ ಬೇಕಾಗುತ್ತದೆ.